ಹೋದ ವರ್ಷದ ಗಾಡಿ

ಆ ಮನೆಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಜ್ವರವೊಂದಿತ್ತು. ಅದು ಹತ್ತುತ್ತಿದ್ದುದು ಅತ್ತಿಗೆಗೆ ಮಾತ್ರ. ಮೋಟಾರ್‌ಸೈಕಲ್ ಕಂಪನಿಯವರು ಹೊಸ ವರ್ಷದ ಮಾಡೆಲ್ ಹೊರಗೆ ಬಿಟ್ಟರೆಂದರೆ ಸಾಕು, ಅವರಿಗೆ ಊಟ ರುಚಿಸುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಈರುಳ್ಳಿ ಹೆಚ್ಚುತ್ತ, ಯಾರೋ ಹೊಸ ಗಾಡಿಯನ್ನು ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿಸುವುದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಕಣ್ಣೀರು ಈರುಳ್ಳಿಯದೋ ಗಾಡಿಯದೋ ಎಂದು ಅಣ್ಣ ಕೇಳುತ್ತಿದ್ದ. ಅಣ್ಣನದು ಲಿಫ್ಟ್ ರಿಪೇರಿಯ ಕೆಲಸ. ಮೇಲೆ ಹೋದದ್ದು ಸುಖವಾಗಿ ಕೆಳಗೆ ಬಂದರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಅವನು ಯಾವ ಯಂತ್ರದಿಂದಲೂ ಬಯಸಿದವನಲ್ಲ.

“ಅವರು ವರ್ಷಕ್ಕೊಂದ್ಸಲ ಸ್ಟಿಕರ್ ಬದಲಾಯಿಸ್ತಾರೆ, ನೀನು ವರ್ಷಕ್ಕೊಂದ್ಸಲ ನಿದ್ದೆ ಕೆಡಿಸ್ಕೋತೀಯ,” ಎಂದು ಅವನು ಅಂದರೆ ಅತ್ತಿಗೆ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಹಳೇ ಮಾಡೆಲ್ಲನ್ನೇ ಇಷ್ಟು ವರ್ಷ ಬದಲಾಯಿಸದೆ ಇಟ್ಕೊಂಡಿದ್ದೀನಲ್ಲ, ಅದಕ್ಕೆ ಸಂತೋಷಪಡು ಎನ್ನುತ್ತಿದ್ದರು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಈ ಜಗಳವನ್ನು ಸವಿಯುತ್ತಿದ್ದವಳು ಅಣ್ಣನ ತಂಗಿ. ಅವಳ ದನಿ ಬಾಯಿಂದ ಹೊರಟು ಎದುರಿನವರ ಕಿವಿ ಮುಟ್ಟುವಷ್ಟರಲ್ಲಿ ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತುಬಿಡುತ್ತದೆ ಎಂದು ಅತ್ತಿಗೆ ಅವಳಿಗೆ ಮೆಲ್ಲಕ್ಕ ಎಂದು ಹೆಸರಿಟ್ಟಿದ್ದರು. ಕಣ್ಣಿನ ಪರೀಕ್ಷೆಯ ಪದವಿ ಮುಗಿಸಿ ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲಿನ ಬೆಳಗುವ ಅಕ್ಷರಗಳನ್ನು ತೋರಿಸಿ, ಲೆನ್ಸ್ ಬದಲಾಯಿಸುತ್ತ ಕೇಳುವುದು: ಮೊದಲನೇದು ಚೆನ್ನಾಗಿದೆಯಾ, ಎರಡನೇದಾ? ದಿನವಿಡೀ ಆಡಬೇಕಾದ ಮಾತು ಅಷ್ಟೇ ಆದ್ದರಿಂದ ಕೆಲಸ ಅವಳಿಗೆ ಒಗ್ಗಿತ್ತು. ಬಂದವರಲ್ಲಿ ಬಹಳ ಮಂದಿ ಎರಡನೆಯದೇ ಚೆನ್ನ ಎನ್ನುವರು. ಎರಡನೆಯದು ಹೊಸದಲ್ಲವೆ. ಅನುಮಾನ ಬಂದಾಗ ಅವಳು ಹಾಕಿದ್ದ ಲೆನ್ಸನ್ನೇ ತೆಗೆದು, ಅದನ್ನೇ ತಿರುಗಿ ಹಾಕಿ, ಈಗ? ಎಂದು ಕೇಳುವಳು. ಹಾಂ, ಈಗ ಇನ್ನೂ ಸ್ಪಷ್ಟ ಎನ್ನುವವರು ಕಡಿಮೆಯೇನಿರಲಿಲ್ಲ. ಅವರಾರೂ ಸುಳ್ಳರಲ್ಲ. ಎರಡೂ ಒಂದೇ ಥರ ಇದೆ ಎನ್ನುವುದಕ್ಕೆ ಜನರಿಗೆ ಏನೋ ಸಂಕೋಚ, ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದ ಹಾಗೆ. ನಿಜಕ್ಕೂ ಆ ಮಾತು ಬಂದಾಗಲೇ ಕಣ್ಣಿನ ಲೆಕ್ಕ ಸರಿಯಾಯಿತೆಂದು ಅರ್ಥ.

ಗಾಡಿ ಅತ್ತಿಗೆಯದು. ಹೋದ ವರ್ಷ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಕಪ್ಪು ಬಣ್ಣದ ಸ್ಪೋರ್ಟ್ ಬೈಕು, ಕೂತರೆ ಟ್ಯಾಂಕಿನ ಮೇಲೆ ಬಾಗಲೇಬೇಕು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಅತ್ತಿಗೆ ಬೆಳಕು ಹರಿಯುವ ಮುನ್ನ ಅದನ್ನೇರಿ ಹೊರಟು, ಅಂಗಡಿ ತೆರೆಯುವ ಹೊತ್ತಿಗೆ ಒದ್ದೆ ಕೂದಲಲ್ಲಿ ವಾಪಸಾಗಿ, ಕೀಲಿಯನ್ನು ಮೆಲ್ಲಕ್ಕನ ಕೈಗೆ ಹಾಕುವರು. ಓಡಿಸಲು ಕಲಿಸಿದವರೂ ಅವರೇ. ಈಜುಕೊಳದ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಲ್ಲೇ ಓಡುತ್ತ, ನೀರಿಗಿಳಿದ ಮಗುವಿಗೆ ಹೇಳುವ ಹಾಗೆಯೇ, ಮುಂದೆ ನೋಡು, ಹೆದರಬೇಡ, ಮುಳುಗಲ್ಲ ಎಂದು ಕೂಗಿದ್ದರು. ಡಾಂಬರಿನಲ್ಲಿ ಯಾರಾದರೂ ಮುಳುಗುತ್ತಾರೆಯೇ ಎಂದು ಕೇಳುವ ಧೈರ್ಯ ಅಂದು ಅವಳಿಗಿರಲಿಲ್ಲ. ಈಗ ಹೆಲ್ಮೆಟ್ಟಿನೊಳಗೆ ಅವಳು ಗಟ್ಟಿಯಾಗಿ ಹಾಡುತ್ತಾಳೆ, ಅಡ್ಡ ಬಂದವರನ್ನು ಬಯ್ಯುತ್ತಾಳೆ, ಅಂಗಡಿಯ ಯಜಮಾನರಿಗೆ ಹೇಳಲಾಗದ್ದನ್ನೆಲ್ಲ ಹೇಳುತ್ತಾಳೆ. ಇಂಥದೊಂದು ಕೋಣೆಯನ್ನು ತಲೆಗೆ ತೊಡಿಸಿಕೊಟ್ಟವರಿಗೆ ಏನೆಂದು ಹೇಳಬೇಕೋ ತಿಳಿಯದೆ, ಆ ಋಣವನ್ನು ಅವಳು ಗಾಡಿ ತೊಳೆಯುವುದರಲ್ಲಿ ತೀರಿಸುತ್ತಿದ್ದಳು. ದಿನ ಬಿಟ್ಟು ದಿನ ಬಕೆಟ್ಟು ಹಿಡಿದು ಕೆಳಗಿಳಿಯುವಳು.

ಈ ಸಲ ಜ್ವರ ಏರುತ್ತಿದ್ದ ವಾರದಲ್ಲೇ ಅವಳಿಗೊಂದು ಫೋನು ಬಂತು. ಊರಿನ ಆಚೆ ತುದಿಯ ಕಣ್ಣಾಸ್ಪತ್ರೆಯಲ್ಲಿ, ಮಕ್ಕಳ ವಿಭಾಗದಲ್ಲಿ, ಕೆಲಸ ಖಾಲಿಯಿದೆ. ಓದುವಾಗಿನಿಂದ ಅವಳು ಆಸೆಪಟ್ಟದ್ದು ಅದೇ ಕೆಲಸ. ಆದರೆ ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಬರುವುದಾದರೆ ಸೋಮವಾರದೊಳಗೆ ತಿಳಿಸಬೇಕು. ಆ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ, ಗಾಡಿ ಈಜುಕೊಳದ ಹೊರಗೆ ನಿಂತಿರುತ್ತದೆ. ಮನೆಯಲ್ಲಿ ಸುದ್ದಿ ಹೇಳಿದರೆ ಗಾಡಿ ಕೊಡಿ ಎಂದು ಬಾಯಿಬಿಟ್ಟು ಕೇಳಿದ ಹಾಗೆಯೇ. ಬೆರಳು ಕೊಟ್ಟವರ ಹಸ್ತ ನುಂಗಿದ ಹಾಗೆ. ಅವಳು ಸುಮ್ಮನಿದ್ದುಬಿಟ್ಟಳು.

ಶನಿವಾರ ಸಂಜೆ ಅತ್ತಿಗೆ ಅವಳ ಮುಂದೆ ಬಂದು ಕೂತರು.

“ನೋಡು ಮೆಲ್ಲಕ್ಕ, ನನ್ನನ್ನ ನಾನು ನಂಬಲ್ಲ. ಹೊಸದು ಅಂದ್ರೆ ಬಿದ್ದೋಗ್ತೀನಿ. ನಿನ್ನಣ್ಣನ ಮಾತು ಬಿಡು, ಅವನಿಗೆ ಲಿಫ್ಟೇ ಸ್ವರ್ಗ. ನೀನು ದಿನಾ ಜನರನ್ನ ಇದಾ ಅದಾ ಅಂತ ಕೇಳೋಳು. ನಾಳೆ ಷೋರೂಮಿಗೆ ಬಾ. ತಗೋಬಹುದು ಅಂತ ನೀನಂದ್ರೆ ತಗೋತೀನಿ, ಹಳೇದು ನಿಂಗೆ. ಬೇಡ ಅಂದ್ರೆ ಇನ್ನು ಆ ಮಾತೇ ಎತ್ತಲ್ಲ.”

ಹಳೇದು ನಿಂಗೆ. ಹುಡುಕುತ್ತಿದ್ದ ಬಳ್ಳಿ ತಾನಾಗಿಯೇ ಕಾಲಿಗೆ ತೊಡರಿದಂತಾಗಿ ಮೆಲ್ಲಕ್ಕನ ಕಿವಿ ಬಿಸಿಯಾಯಿತು. ಒಂದು ಹೂಂ ಸಾಕು. ಆಸ್ಪತ್ರೆ, ಮಕ್ಕಳು, ಬೆಳಗಿನ ಖಾಲಿ ರಸ್ತೆ ಎಲ್ಲ ಅವಳದು. ತನಗೆ ಇಷ್ಟೊಂದು ಬೇಕಾಗಿರುವಾಗ ತನ್ನ ಕಣ್ಣನ್ನು ತಾನು ನಂಬುವುದು ಹೇಗೆ ಎಂಬುದೇ ಅವಳ ಚಿಂತೆಯಾಯಿತು.

ಷೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಪ್ರತಿ ಗಾಡಿಯ ಕೆಳಗೂ ಇನ್ನೊಂದು ಗಾಡಿ ತಲೆಕೆಳಗಾಗಿ ನಿಂತಿತ್ತು. ಹೊಸ ಟೈರಿನ ವಾಸನೆ. ಕತ್ತಿಗೆ ಟೈ ಬಿಗಿದ ನಡುವಯಸ್ಸಿನ ಮಾರಾಟಗಾರರು ಬಂದು, ಈ ವರ್ಷದ್ದರಲ್ಲಿ ಕ್ಲಚ್ ಮೊದಲಿಗಿಂತ ಹಗುರ, ಎಂಜಿನ್ ಇನ್ನೂ ನಯ, ಮಳೆಯಲ್ಲಿ ಚಕ್ರ ಜಾರದಂತೆ ಒತ್ತುವ ಒಂದು ಗುಂಡಿ, ಹಿಂಬದಿಗೆ ಹೊಸ ಸ್ಟಿಕರ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಅತ್ತಿಗೆಯ ಕಣ್ಣು ಆಗಲೇ ಮಂಜಾಗಿತ್ತು. ಅವರು ಹೆಲ್ಮೆಟ್ ತರಲು ಹೊರಗೆ ಹೋದಾಗ ಮೆಲ್ಲಕ್ಕ ಮಾರಾಟಗಾರರ ಹತ್ತಿರ ಹೋಗಿ ಏನೋ ಅಂದಳು. ಅದು ಕೇಳಿಸಬೇಕಾದರೆ ಅವರು ಟೈ ಸೀಟಿನ ಮೇಲೆ ಬೀಳುವಷ್ಟು ಬಗ್ಗಬೇಕಾಯಿತು. ಓಡಿಸಿ ನೋಡಲು ಇಟ್ಟಿದ್ದ ಹೋದ ವರ್ಷದ ಕಪ್ಪು ಗಾಡಿ ಇನ್ನೂ ಇದೆಯೇ? ಇದೆ. ಹಾಗಾದರೆ ಮೊದಲು ಅದನ್ನು ಕೊಡಿ, ಯಾವುದೆಂದು ಹೇಳಬೇಡಿ. ಅವರು ಅವಳನ್ನೊಮ್ಮೆ ವಿಚಿತ್ರವಾಗಿ ನೋಡಿ, ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ಸ್ಟಿಕರ್ ಒಂದನ್ನು ಬಿಟ್ಟರೆ ಕಪ್ಪಿಗೂ ಕಪ್ಪಿಗೂ ಏನು ವ್ಯತ್ಯಾಸ.

ಅತ್ತಿಗೆ ಒಂದು ಸುತ್ತು ಹೋಗಿ ಬಂದರು. ಹೆಲ್ಮೆಟ್ ತೆಗೆದಾಗ ಮುಖ ಕೆಂಪಾಗಿತ್ತು.

“ಕ್ಲಚ್ಚಾ ಅದು? ಬೆಣ್ಣೆ ಕಣೇ, ಬೆಣ್ಣೆ. ಗೇರು ಕೇಳೋ ಮೊದಲೇ ಬೀಳತ್ತೆ. ನಮ್ಮದು ಇದರ ಮುಂದೆ ಎತ್ತಿನಗಾಡಿ.” ಮಾರಾಟಗಾರರ ಕಡೆ ತಿರುಗಿ ಈಗಲೇ ಬುಕ್ ಮಾಡುತ್ತೇನೆಂದರು. ಮೆಲ್ಲಕ್ಕ ಇನ್ನೇನು ಹೇಳಬೇಕಾಗಿದೆ ಎಂದು ತಾವೇ ನಕ್ಕು, ಹಳೆಯ ಗಾಡಿಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ಮಾರಾಟಗಾರರು ಟೈ ಸರಿಪಡಿಸಿಕೊಳ್ಳುತ್ತ ಚಾವಣಿ ನೋಡಿದರು. ಅವರು ಬಾಯಿಬಿಡುವವರಲ್ಲ. ಮೆಲ್ಲಕ್ಕನೂ ಬಿಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಚೆನ್ನಾಗಿ ಬರುವ ವಿದ್ಯೆಯೆಂದರೆ ಸುಮ್ಮನಿರುವುದು; ಇಂದು ಅದನ್ನೇ ಮಾಡಿದರೆ ಸಾಕು. ಅತ್ತಿಗೆಗೆ ಸಂತೋಷ, ತನಗೆ ಗಾಡಿ, ಯಾರ ಗಂಟೇನು ಹೋಯಿತು? ಕೀಲಿ ಅಂಗೈಯಲ್ಲಿ ಬೆಚ್ಚಗಿತ್ತು. ಆದರೆ ಅದೇ ಲೆನ್ಸಿಗೆ ಈಗ ಸ್ಪಷ್ಟ ಎಂದವರಿಗೆ ಹೊಸ ನಂಬರು ಬರೆದು ಕಳಿಸಿದವಳಲ್ಲ ಅವಳು. ಅದಲ್ಲದೆ ಇವರು ನನ್ನನ್ನು ನಾನೇ ನಂಬಲ್ಲ, ನಿನ್ನನ್ನು ನಂಬುತ್ತೇನೆ ಎಂದು ಬಂದು ಎದುರಿಗೆ ಕೂತವರು.

“ಅತ್ತಿಗೆ, ಅದು ಹೋದ ವರ್ಷದ್ದು.”

“ಏನು?”

ಎರಡನೇ ಸಲ ಅವಳು ಹೇಳಿದ್ದು ಕೌಂಟರಿನ ಬಳಿ ನಿಂತಿದ್ದವರೂ ತಿರುಗಿ ನೋಡುವಷ್ಟು ಜೋರಾಗಿತ್ತು. “ನೀವೀಗ ಓಡಿಸಿದ್ದು ಹೋದ ವರ್ಷದ್ದು. ನಮ್ಮ ಗಾಡಿಯ ಮಾಡೆಲ್ಲೇ ಅದು. ಹೊಸದನ್ನ ನೀವಿನ್ನೂ ಹತ್ತೇ ಇಲ್ಲ. ನಾನೇ ಹಾಗೆ ಕೊಡಿ ಅಂದಿದ್ದು.”

ಅತ್ತಿಗೆ ಗಾಡಿಯ ಹಿಂಬದಿಗೆ ಹೋಗಿ ಸ್ಟಿಕರ್ ನೋಡಿದರು. ಬೆರಳಿಂದ ಅದನ್ನು ಸವರಿದರು. ಅವಮಾನವಾಯಿತೇನೋ ಎಂದು ಮೆಲ್ಲಕ್ಕ ಅಂದುಕೊಳ್ಳುವ ಹೊತ್ತಿಗೆ ಅವರ ಭುಜ ಅಲುಗತೊಡಗಿತು. ಈಜುಕೊಳದ ಆಚೆ ದಡಕ್ಕೂ ಕೇಳುವ ಆ ನಗು ಗಾಜಿನ ಗೋಡೆಗಳಿಗೆಲ್ಲ ಬಡಿಯಿತು. ನನಗೇ ಕಣ್ಣು ಪರೀಕ್ಷೆ ಮಾಡಿದೆಯಾ ಎಂದು ಅವಳ ತಲೆಗೊಂದು ಮೊಟಕಿ, ಈಗ ನಿಜವಾದ ಹೊಸದನ್ನು ತರಿಸಿ ಓಡಿಸಿದರು. ನಿಧಾನವಾಗಿ ಬಂದರು, ನಿಧಾನವಾಗಿ ಇಳಿದರು.

“ಎರಡೂ ಒಂದೇ ಥರ ಕಣೇ,” ಎಂದರು, ಸ್ವಲ್ಪ ಬೇಸರದಿಂದ. ಮಳೆಯ ಗುಂಡಿ ಒಳ್ಳೆಯದೇ, ಆದರೆ ಮಳೆ ಬಂದರೆ ಅವರ ಈಜುಕೊಳಕ್ಕೇ ರಜೆ.

ಹಾಗಾದರೆ ಬೆಣ್ಣೆ ಎಲ್ಲಿಂದ ಬಂತು? ಮಾರಾಟಗಾರರೇ ಹೊರಗೆ ಹೋಗಿ ಇವರ ಗಾಡಿಯ ಕ್ಲಚ್ ಒತ್ತಿ, ಬಗ್ಗಿ ಚೈನ್ ಮುಟ್ಟಿ ನೋಡಿದರು. ಕೇಬಲ್ ತುಕ್ಕು ಹಿಡಿದಿದೆ, ಚೈನು ಎಣ್ಣೆ ಕಂಡು ಯುಗವಾಗಿದೆ. ಇದನ್ನೇನು ದಿನಾ ತೊಳೆಯುತ್ತೀರಾ ಎಂದು ಕೇಳಿದರು. ಮೆಲ್ಲಕ್ಕ ತನ್ನ ಚಪ್ಪಲಿ ನೋಡಿಕೊಂಡಳು. ಇಷ್ಟು ದಿನ ಅವಳು ಬಕೆಟ್ಟುಗಟ್ಟಲೆ ಸುರಿದ ಕೃತಜ್ಞತೆಯೇ ಗಾಡಿಯನ್ನು ಮುದಿಯಾಗಿಸಿತ್ತು.

ಅವಳು ಕೀಲಿಯನ್ನು ತಿರುಗಿ ಚಾಚಿದಳು. ಅತ್ತಿಗೆ ತೆಗೆದುಕೊಳ್ಳಲಿಲ್ಲ.

“ಸುಮ್ಮನಿದ್ದಿದ್ರೆ ಇದು ನಿನ್ನದಾಗ್ತಿತ್ತಲ್ಲ. ಬೇಡವಾಗಿತ್ತಾ?”

“ಬೇಕಿತ್ತು.” ಅವಳು ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು. “ತುಂಬಾ ಬೇಕಿತ್ತು.”

ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಹೊರಬಂತು. ಆಸ್ಪತ್ರೆಯ ಫೋನು, ಬೆಳಗಿನ ಏಳು ಗಂಟೆ, ಇಲ್ಲದ ಬಸ್ಸು, ನಾಳೆ ಹೇಳಬೇಕಾದ ಉತ್ತರ. ಅತ್ತಿಗೆ ನಡುವೆ ಬಾಯಿ ಹಾಕದೆ ಕೇಳಿದರು.

“ಕೇಳಿದ್ರೆ ನಾನೇನು ಕಚ್ತಿದ್ನಾ?”

“ಇಲ್ಲ. ಕೊಟ್ಟುಬಿಡ್ತಿದ್ರಿ. ಅದಕ್ಕೇ ಕೇಳ್ಲಿಲ್ಲ.”

ಅತ್ತಿಗೆ ಮುಖ ಆಚೆ ತಿರುಗಿಸಿ, ಷೋರೂಮಿನಲ್ಲಿ ಏನು ಧೂಳಪ್ಪಾ ಎಂದು ಕಣ್ಣೊರೆಸಿಕೊಂಡರು. ಅಲ್ಲಿ ಧೂಳಿನ ಸುಳಿವೇ ಇರಲಿಲ್ಲ. ಮಾರಾಟಗಾರರು ಆಗ ಕೆಮ್ಮಿ, ಎರಡೂ ಒಂದೇ ಅಂತ ತಾವೇ ಅಂದಿರಲ್ಲ, ಒಮ್ಮೆ ಹಿತ್ತಿಲ ಕಡೆ ಬರುತ್ತೀರಾ ಎಂದು ಕೇಳಿದರು.

ಹಿತ್ತಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಹೋದ ವರ್ಷದ ಗಾಡಿಗಳು ಸಾಲಾಗಿ ನಿಂತಿದ್ದವು. ಹೊಸದು ಬಂತೆಂದು ಜನ ಕೊಟ್ಟು ಹೋದವು. ಕೆಲವಕ್ಕೆ ಹೊಸ ಟೈರಿನ ಮೇಲಿರುವ ರಬ್ಬರಿನ ರೋಮ ಕೂಡ ಉದುರಿರಲಿಲ್ಲ. ಊರಲ್ಲಿ ಇಷ್ಟೊಂದು ಜನರಿಗೆ ಅತ್ತಿಗೆಯ ಜ್ವರವೇ ಬಂದಿತ್ತು. ಮುಖ ಕಾಣದ ಆ ಜನರಿಗೆಲ್ಲ, ಎರಡನೆಯದೇ ಸ್ಪಷ್ಟ ಎಂದವರಿಗೆಲ್ಲ, ಮೆಲ್ಲಕ್ಕ ಮನಸ್ಸಿನಲ್ಲೇ ಕೈಮುಗಿದಳು. ನೀಲಿಯದೊಂದರ ಮುಂದೆ ನಿಂತು, ಕುಕ್ಕರಗಾಲಿನಲ್ಲಿ ಕೂತು ಚೈನ್ ಮುಟ್ಟಿ ನೋಡಿದಳು. ಬೆರಳಿಗೆ ಎಣ್ಣೆ ಅಂಟಿತು. ಟ್ಯಾಂಕಿನ ಮೇಲೊಂದು ಗೀರು. ಬೆಲೆ ಹೊಸದರ ಅರ್ಧ. ಈಗ ನಾನು ಕೊಟ್ಟಿರುತ್ತೇನೆ, ಸಂಬಳ ಬಂದ ಹಾಗೆ ತೀರಿಸು ಎಂದರು ಅತ್ತಿಗೆ. ತೀರಿಸುವುದೇ ಬೇಡ ಎನ್ನದಿದ್ದುದಕ್ಕೆ ಮೆಲ್ಲಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಹಿತವಾಯಿತು.

ಓಡಿಸಿ ನೋಡಬೇಕಲ್ಲ. ಅವಳು ಮುಂದೆ ಕೂತಳು. ಅತ್ತಿಗೆ ಹಿಂದೆ ಹತ್ತಿದರು. ಯಾರ ಹಿಂದೆಯೂ ಕೂತು ಅಭ್ಯಾಸವಿಲ್ಲದ ಅವರಿಗೆ ಕಾಲು ಎಲ್ಲಿಡಬೇಕೆಂಬುದನ್ನೂ ತೋರಿಸಬೇಕಾಯಿತು. ಗೇಟು ದಾಟಿ ರಸ್ತೆಗಿಳಿದದ್ದೇ ಹಿಂದಿನಿಂದ ಕೂಗು ಬಂತು.

“ಇದೇನೇ ಇದು, ಸೀಟಾ ಹಲಗೆಯಾ? ನನ್ನ ಹಿಂದೆ ಇಷ್ಟು ದಿನ ಇಂಥದರ ಮೇಲೆ ಕೂತು ಬಂದ್ಯಾ ನೀನು?”

“ಹೂಂ.”

“ಒಂದಿನಾನೂ ಹೇಳ್ಲಿಲ್ಲ.”

“ಕರ್ಕೊಂಡು ಹೋಗ್ತಿದ್ರಲ್ಲ,” ಎಂದಳು ಮೆಲ್ಲಕ್ಕ.

ಮುಂದಿನ ತಿರುವು ದಾಟಿದ ಮೇಲೆ ಅತ್ತಿಗೆ, ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ, ತೀರ್ಪು ಕೊಟ್ಟರು. “ಬರೋ ವರ್ಷ ಹಿಂದಿನ ಸೀಟು ಮೆತ್ತಗೆ ಮಾಡಿದ್ರೆ ಮಾತ್ರ ಹೊಸದು ತಗೋಳೋಣ. ಇಲ್ಲಾಂದ್ರೆ ಆ ಮಾತೇ ಬೇಡ.”

ಮುಂದೆ ರಸ್ತೆಯುಬ್ಬು ಕಾಣಿಸಿತು. ಅತ್ತಿಗೆ ಅವಳ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು. ಅವಳು ವೇಗವನ್ನು ಪೂರ್ತಿ ತಗ್ಗಿಸಿ, ಮೊದಲು ಮುಂದಿನ ಚಕ್ರವನ್ನು, ಆಮೇಲೆ ಹಿಂದಿನದನ್ನು, ಮಗು ಮಲಗಿಸುವಷ್ಟು ಜೋಪಾನವಾಗಿ ಇಳಿಸಿದಳು.