ಆರದ ಕಂದೀಲು

೨೦೦೩ನೆಯ ಇಸವಿ ಏಪ್ರಿಲ್ ೭, ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಗುರಪ್ಪ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಂಗಿಯೊಳಗಿಂದ ಕೊರಳಿನ ಕರಡಿಗೆಯನ್ನು ಹೊರತೆಗೆದ. ಇಷ್ಟಲಿಂಗ ಇಟ್ಟುಕೊಳ್ಳುವ ಆ ಬೆಳ್ಳಿಯ ಡಬ್ಬಿ ಅವನ ತಂದೆಯ ಕಾಲದ್ದು. ಅದು ರೊಟ್ಟಿಯ ಹಂಚಿನ ತಳದಂತೆ ಕಪ್ಪಾಗಿತ್ತು.

"ಶುಕ್ರವಾರ ಇಬೂತಿ ಹಚ್ಚಿ ತಿಕ್ಕೇನ್ರಿ ಸರ. ಹೊಸಾ ರೂಪಾಯಿ ಆಗಿತ್ತು. ಇವತ್ತ ಪೂಜಿಗಿ ತಗದ್ರ ಹಿಂಗ."

"ಮನ್ಯಾಗ ಮತ್ಯಾರ ಬೆಳ್ಳಿರೆ ಕಪ್ಪಾಗೇತೇನು?"

"ಇಲ್ರಿ. ಹೊನ್ನವ್ವನ ಕಾಲುಂಗರ ಬೆಳ್ಳಗ ಅದಾವ. ನಂದಷ್ಟ. ಅಕಿ ಅಂತಾಳ, ನೀ ಏನೋ ಪಾಪ ಮಾಡೀದಿ, ಒಪ್ಪಿಕೊ ಅಂತ. ಯಾವದಂತ ಒಪ್ಪಲಿ ಸರ? ಒಂದ ಇದ್ರ ನೆನಪಿರತಿತ್ತು."

ಹೀಗೆಂದು ನಕ್ಕನಾದರೂ ಕರಡಿಗೆಯನ್ನು ಮತ್ತೆ ಮತ್ತೆ ಬೆರಳಿನಿಂದ ಉಜ್ಜುತ್ತಿದ್ದ. ಅಪಶಕುನವೆಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು; ಬೆಳ್ಳಿ ಏಕೆ ಕಪ್ಪಾಗುತ್ತದೆಂಬುದನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಗಂಧಕದ ಗಾಳಿ ತಾಗಿದರೆ ಕಪ್ಪಾಗುತ್ತದೆ. ಆದರೆ ಮೂರೇ ದಿನಗಳಲ್ಲಿ ಇಷ್ಟು ಕಪ್ಪಾದದ್ದನ್ನು ನಾನು ನೋಡಿರಲಿಲ್ಲ.

"ಪ್ಲಾಂಟಿನ್ಯಾಗ ವಾಸನಿ ಹೆಂಗೈತಿ?" ಎಂದು ಕೇಳಿದೆ.

"ಮೊದಲ ಕೊಳತ ತತ್ತಿ ನಾತ ಹೊಡೀತಿತ್ರಿ. ಈಗ ತಿಂಗಳಾತು, ಏನೂ ಇಲ್ಲ. ಸಾಹೇಬ್ರಿಗೂ ಹೇಳೇನಿ. ಬರಕೊಂಡ್ರು."

ಪ್ಲಾಂಟು ಎಂದರೆ ನಮ್ಮ ಪುರಸಭೆಯ ಗೋಬರ್ ಗ್ಯಾಸ್ ಘಟಕ; ಗುರಪ್ಪ ಅಲ್ಲಿ ಕೆಲಸಕ್ಕಿದ್ದ. ದನದ ಸಂತೆಯ ಬಯಲಿನ ಪಕ್ಕದಲ್ಲಿ ಎರಡು ವರ್ಷದ ಹಿಂದೆ ಕಟ್ಟಿದ್ದು. ಸಂತೆಯ ಸೆಗಣಿ, ಕಾಯಿಪಲ್ಲೆ ಪೇಟೆಯ ಕಸ ಅದರ ಹೊಟ್ಟೆಗೆ ಹೋಗುತ್ತಿತ್ತು. ಹೊರಬಂದ ಗ್ಯಾಸಿನಿಂದ ಒಂದು ಎಂಜಿನ್ ಓಡಿ, ಮುದ್ದೇಬಿಹಾಳ ರಸ್ತೆಯ ಹದಿನಾಲ್ಕು ಬೀದಿ ದೀಪಗಳು ಉರಿಯುತ್ತಿದ್ದವು. ಇಡೀ ಊರಿನ ಕರೆಂಟು ಹೋದಾಗಲೂ ಆ ಹದಿನಾಲ್ಕು ದೀಪ ಉರಿಯುತ್ತಿದ್ದುದನ್ನು ನೋಡಲು ಜನ ಊಟ ಮುಗಿಸಿ ಹೋಗಿ ನಿಲ್ಲುತ್ತಿದ್ದರು. ನನಗೂ ಹೆಮ್ಮೆಯಿತ್ತು. ಘಟಕದ ತಾಂತ್ರಿಕ ಸಮಿತಿಯಲ್ಲಿ ನನ್ನ ಹೆಸರಿತ್ತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಫೆಬ್ರುವರಿಯಲ್ಲಿ ಊರಿಗೆ ಟ್ಯಾಂಕರ್ ನೀರು ಬರತೊಡಗಿದಾಗ, ಸೆಗಣಿ ಕಲಸಲು ಸಿಹಿನೀರು ಸುರಿಯುವುದು ತಪ್ಪೆಂದು ಎಲ್ಲರಿಗೂ ಅನ್ನಿಸಿತು. ಬಯಲಿನ ಮೂಲೆಯಲ್ಲಿ ಒಂದು ಸವಳು ನೀರಿನ ಬಾವಿಯಿತ್ತು. ದನಗಳೂ ಮೂಸದ ನೀರು ಅದು. ಅದನ್ನು ಬಳಸಬಹುದೇ ಎಂದು ಪುರಸಭೆ ನನ್ನನ್ನು ಕೇಳಿತು. ನಾನು ಒಂದು ಬಾಟಲಿ ತರಿಸಿ ಉಪ್ಪು, ಗಡಸುತನ, ಆಮ್ಲತೆ ಮೂರನ್ನೂ ಅಳೆದು, "ಬಳಸಲು ಅಡ್ಡಿಯಿಲ್ಲ" ಎಂದು ಬರೆದು ಸಹಿ ಹಾಕಿದೆ. ಸಲ್ಫೇಟನ್ನು ಅಳೆಯಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ಹೊಳೆಯಲಿಲ್ಲ.

ಗುರಪ್ಪನ ಕರಡಿಗೆಯನ್ನು ಕೈಯಲ್ಲಿ ಹಿಡಿದಾಗ ಹೊಳೆಯಿತು. ನಮ್ಮ ಕಪ್ಪು ನೆಲದ ಸವಳಿನಲ್ಲಿ ಸಲ್ಫೇಟು ಇರುತ್ತದೆ. ಗಾಳಿಯಾಡದ ಕಡೆ ಅದನ್ನು ತಿಂದು ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ಅವು ಬಿಡುವುದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದರೆ ಕೊಳೆತ ತತ್ತಿಯ ನಾತ. ದಿನವಿಡೀ ಅದರಲ್ಲೇ ಇದ್ದವನ ಮೂಗು ಅದನ್ನು ಹೇಳುವುದನ್ನು ಬಿಟ್ಟುಬಿಡುತ್ತದೆ. ಬಹಳವಾದರೆ ಯಾವ ಮೂಗಿಗೂ ತಿಳಿಯುವುದಿಲ್ಲ, ಮತ್ತು ಆಮೇಲೆ ಆ ಮನುಷ್ಯ ಬಹಳ ಹೊತ್ತು ಉಳಿಯುವುದಿಲ್ಲ.

"ಇವತ್ತ ಗುಂಡಿ ಹತ್ರ ಯಾರೂ ಹೋಗೂದ ಬ್ಯಾಡ," ಎಂದೆ.

ಗುರಪ್ಪ ತಲೆಯೆತ್ತಿದ. "ಅದ ಹೆಂಗ್ರಿ? ರಾಡಿ ಹೊರಗ ಬರೂ ಗುಂಡಿ ಕಟ್ಟೇತಿ. ಬುಧವಾರ ಬೆಂಗಳೂರಿಂದ ಪ್ರಶಸ್ತಿ ಕೊಡಾವ್ರ ತಂಡ ಬರತೈತಿ. ಹತ್ತಕ್ಕ ರಾವಸಾಬ ಇಳೀತಾನ."

ಕಾಲೇಜಿನ ಪ್ರಯೋಗಾಲಯದ ಬೀಗ ತೆಗೆಸಿ, ಸೋಸುವ ಕಾಗದದ ಪಟ್ಟಿಗಳನ್ನು, ಆ ಗಾಳಿ ತಾಗಿದರೆ ಕಪ್ಪಾಗುವ ಲೆಡ್ ಅಸಿಟೇಟಿನಲ್ಲಿ ಅದ್ದಿ, ಡಬ್ಬಿಯಲ್ಲಿಟ್ಟುಕೊಂಡು ನಾನು ಬಯಲು ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷವಿತ್ತು. ಗೇಟಿನಲ್ಲೇ ನಾತ ಮೂಗಿಗೆ ಹೊಡೆಯಿತು. ಎದುರು ಬಂದ ಗುರಪ್ಪ, "ಎಲ್ಲಿ ವಾಸನಿ ಸರ?" ಎಂದು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ. ಅವನ ಹಿಂದಿನ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಹೊಸದಾಗಿ ಬರೆಸಿದ್ದರು: ಸ್ವಚ್ಛ ಇಂಧನ, ದುರ್ವಾಸನೆರಹಿತ ಘಟಕ.

ಗುಂಡಿ ಎಂಟಡಿ ಆಳ, ಮೇಲೆ ತೆರೆದ ಬಾಯಿ. ತಳದಲ್ಲಿ ರಾಡಿ ಒಣಗಿ ಹೆಪ್ಪುಗಟ್ಟಿತ್ತು. ರಾವಸಾಬ ಕಾಕಾ ಅದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಂದೀಲಿನ ಗಾಜು ಒರೆಸುತ್ತಿದ್ದರು. ಐವತ್ತೆಂಟು ವರ್ಷದ ಸಣಕಲು ಮನುಷ್ಯ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಹಗೇವು ತೆಗೆಯಲು ಅವರನ್ನೇ ಕರೆಯುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಇಂಗಳೇಶ್ವರದ ನಮ್ಮ ಮನೆಯ ಮುಂದೆಯೂ ಒಂದಿತ್ತು. ಅದರ ಬಾಯಿ ತೆಗೆದಾಗಲೆಲ್ಲ ಕಾಕಾ ಮೊದಲು ಕಂದೀಲು ಇಳಿಬಿಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಇಳಿಯಬಾರದು. ಉರಿದರೆ ಇಳಿಯಬಹುದು. ಮೂವತ್ತೈದು ವರ್ಷ ಆ ದೀಪ ಅವರಿಗೆ ಸುಳ್ಳು ಹೇಳಿರಲಿಲ್ಲ.

ಅವರು ಕಂದೀಲನ್ನು ಹಗ್ಗದಿಂದ ಇಳಿಬಿಟ್ಟರು. ಅದು ರಾಡಿಗಿಂತ ಒಂದು ಗೇಣು ಮೇಲೆ ನಿಂತಿತು. ನಾನು ಗಡಿಯಾರ ನೋಡುತ್ತ ನಿಂತೆ. ಒಂದು ನಿಮಿಷ, ಎರಡು ನಿಮಿಷ. ಜ್ವಾಲೆ ಕುಗ್ಗಲಿಲ್ಲ, ಬಾಗಲೂ ಇಲ್ಲ.

"ನೋಡ್ರಿ ಸರ, ದೇವರ ಮುಂದಿನ ದೀಪ ಉರದಂಗ ಉರಿಯಾಕತ್ತೇತಿ," ಎಂದರು ಕಾಕಾ.

"ಕಾಕಾ, ಇದು ಹಗೇವಲ್ಲ. ಈ ಗಾಳಿಗೆ ದೀಪ ಆರೂದಿಲ್ಲ. ಮನಷ್ಯಾ ಆರ್ತಾನ."

"ನಿಮ್ಮ ಪುಸ್ತಕದಾಗ ಹಗೇವ ಐತೇನ್ರಿ?"

"ಇಲ್ಲ."

"ಹಂಗಾರ ಹಗೇವಿನ ಮಾತ ನನಗ ಬಿಡ್ರಿ, ಪುಸ್ತಕದ್ದು ನೀವ ಇಟಗೋರಿ."

ಸುತ್ತ ನಿಂತವರು ನಕ್ಕರು. ನಾನು ಒಂದು ಪಟ್ಟಿಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಮೇಲೆ ಬಂದಾಗ ಅದು ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಇದೆ ಎಂಬುದಕ್ಕೆ ಅಷ್ಟು ಸಾಕು. ಎಷ್ಟಿದೆ ಎಂದು ಹೇಳಲು ಸಾಲದು. ಮುಖ್ಯಾಧಿಕಾರಿ ಶ್ರೀಶೈಲ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರಲ್ಲ. ಆ ಹದಿನಾಲ್ಕು ದೀಪಗಳಿಗಾಗಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು.

"ಚಹಾದ ಬಣ್ಣ ಆಗೇತಿ ಅಷ್ಟ," ಎಂದರು. "ಸರ, ನಾ ಒತ್ತಾಯ ಮಾಡೂದಿಲ್ಲ. ರಾವಸಾಬ ಏನಂತಾನ?"

"ನಾ ಏನಂತೇನ್ರಿ? ಕಂದೀಲ ಹೇಳೇತಿ," ಎಂದು ಕಾಕಾ ಎದ್ದರು. ರೂಢಿಯಂತೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ತುದಿಯನ್ನು ಗುರಪ್ಪನ ಕೈಗೆ ಕೊಟ್ಟರು. "ಗಟ್ಟಿ ಹಿಡಿ ಗೌಡಾ. ನಿನ್ನ ಲಿಂಗಪ್ಪ ಕರ್ರಗಾಗ್ಯಾನಂತಲ್ಲ, ಕೈರೆ ಬೆಳ್ಳಗ ಅದಾವಿಲ್ಲೋ?"

"ಇಳೀ ನೀ ಸುಮ್ಕ," ಎಂದ ಗುರಪ್ಪ. ಅವನು ನಗಲಿಲ್ಲ.

ತಡೆಯಬೇಕಿತ್ತು. ನಿಚ್ಚಣಿಕೆಯ ಮುಂದೆ ಅಡ್ಡ ನಿಲ್ಲಬೇಕಿತ್ತು. ನಿಂತಿದ್ದರೆ ಏಕೆಂದು ಕೇಳುತ್ತಿದ್ದರು. ಫೆಬ್ರುವರಿಯ ಕಾಗದದ ಮಾತು ಹೇಳಬೇಕಾಗುತ್ತಿತ್ತು. ನಾನು ಅರ್ಧ ದಾರಿ ಹಿಡಿದೆ. "ಮಾತಾಡಕೋತ ಇರ್ರಿ ಕಾಕಾ. ಬಾಯಿ ಮುಚ್ಚಬ್ಯಾಡ್ರಿ. ಮುಚ್ಚಿದ್ರ ಎಳೀತೀವಿ," ಎಂದೆ.

"ಗುಂಡವ್ವ ಮೂವತ್ತ ವರ್ಸದಿಂದ ಬಾಯಿ ಮುಚ್ಚು ಅಂತಾಳ. ನೀವೊಬ್ರ ನೋಡ್ರಿ, ತಗಿ ಅನ್ನಾವ್ರು."

ಅವರು ಇಳಿದರು. ಹತ್ತು ಗಂಟೆ ಹದಿನಾಲ್ಕು ನಿಮಿಷ. ಕಂದೀಲು ಅವರ ಮೊಣಕಾಲಿನ ಪಕ್ಕದಲ್ಲಿ ತೂಗುತ್ತಿತ್ತು. ಗಳದಿಂದ ಹೆಪ್ಪನ್ನು ಎರಡು ಸಲ ಚುಚ್ಚಿದರು. ಮೂರನೆಯ ಸಲಕ್ಕೆ ಅದು ಬಿರಿದು, ಕೆಳಗಿನ ಕರಿ ರಾಡಿ ಬುಳಬುಳನೆ ಕುದಿದಂತೆ ಮೇಲೆ ಬಂತು.

"ಥೂ, ತತ್ತಿ ಸಂತಿ ನೆರದಂಗ ಐತಿ!" ಎಂದರು. ಆ ನಾತ ಮೇಲಿದ್ದ ನಮ್ಮ ಗಂಟಲಿಗೂ ಬಂತು. ಶ್ರೀಶೈಲ ಕರವಸ್ತ್ರ ಹಿಡಿದು ಹಿಂದೆ ಸರಿದರು.

ಕಾಕಾ ಇನ್ನೊಮ್ಮೆ ಗಳ ಎತ್ತಿದರು. ಆಮೇಲೆ ಮುಖ ಮೇಲೆತ್ತಿ, ಗೆದ್ದವರ ಹಾಗೆ ನನ್ನನ್ನು ನೋಡಿ ಹೇಳಿದರು:

"ವಾಸನಿ ಹೋತ್ರಿ ಸರ. ಗಾಳಿ ತಿಳಿ ಆತು."

ನಮ್ಮ ಮೂಗಿನಲ್ಲಿ ನಾತ ಇನ್ನೂ ಹಾಗೆಯೇ ಇತ್ತು. "ಎಳೀ ಗುರಪ್ಪಾ!" ಎಂದು ನಾನು ಕಿರುಚಿದೆ. ಅವನು ಏಕೆಂದು ಕೇಳಲಿಲ್ಲ. ಬಹುಶಃ ಬೆಳಗಿನಿಂದ ಆ ಕೂಗಿಗಾಗಿಯೇ ಕಾಯುತ್ತಿದ್ದ. ಹಗ್ಗ ಬಿಗಿಯುವಷ್ಟರಲ್ಲಿ ಕಾಕಾರ ಕೈಯಿಂದ ಗಳ ಜಾರಿತ್ತು, ಮೊಣಕಾಲು ಮಡಿಚಿತ್ತು. ಒಂದು ಶಬ್ದವೂ ಬರಲಿಲ್ಲ. ನಾಲ್ಕು ಜನ ಎಳೆದೆವು. ಅವರ ತಲೆ ಎದೆಯ ಮೇಲೆ ಬಾಗಿ, ಗೋಡೆಗೆ ಬಡಿಯುತ್ತ ಮೇಲೆ ಬಂತು.

ಗುಂಡಿಯ ಬಾಯಿಂದ ಅವರನ್ನು ದೂರ ಎಳೆದು ಮಲಗಿಸುವಾಗ ನಾನು ಒಮ್ಮೆ ಹಿಂದಿರುಗಿ ನೋಡಿದೆ. ಕೆಳಗೆ ಕಂದೀಲು ಉರಿಯುತ್ತಲೇ ಇತ್ತು. ಜ್ವಾಲೆ ನೆಟ್ಟಗೆ, ಹಳದಿಯಾಗಿ, ಒಂದಿಷ್ಟೂ ಅಲುಗದೆ ನಿಂತಿತ್ತು. ನನ್ನ ಕಾಗದದ ಪಟ್ಟಿ ಅಂಚಿನಲ್ಲಿ ಬಿದ್ದಿತ್ತು. ಅದೀಗ ಗುರಪ್ಪನ ಕರಡಿಗೆಯ ಬಣ್ಣಕ್ಕೆ ಬಂದಿತ್ತು.

ಅವರಿಗೆ ಎಚ್ಚರ ಬಂದದ್ದು ಸರಕಾರಿ ದವಾಖಾನೆಯಲ್ಲಿ, ಇಪ್ಪತ್ತು ನಿಮಿಷದ ಮೇಲೆ. ಬಿಜಾಪುರಕ್ಕೆ ಒಯ್ದು ಮೂರು ದಿನ ಇಟ್ಟುಕೊಂಡು ಕಳಿಸಿದರು.

ಗುರುವಾರ ಮಧ್ಯಾಹ್ನ ಶ್ರೀಶೈಲ ಕಾಲೇಜಿಗೆ ಬಂದರು. ಬಹಳ ಹೊತ್ತು ರಾವಸಾಬರ ಆರೋಗ್ಯದ ಮಾತಾಡಿದರು. ಖರ್ಚೆಲ್ಲ ಪುರಸಭೆಯದೆಂದರು. ಆಮೇಲೆ ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ತಂಡ ಮುಂದಿನ ಸೋಮವಾರ ಬರತೈತಿ ಸರ. ಗುಂಡಿ ಮಷೀನ್ ತರಿಸಿ ಖಾಲಿ ಮಾಡಸೀನಿ. ಇನ್ನ ಒಂದ ಕಾಗದ ಬೇಕು. ನೀರಿಂದ ಏನೂ ತೊಂದ್ರಿಲ್ಲ ಅಂತ."

"ನೀರಿಂದನ ತೊಂದ್ರಿ."

"ಫೆಬ್ರುವರಿದಾಗ ನೀವ ಬರದೀರಿ, ಅಡ್ಡಿಯಿಲ್ಲ ಅಂತ. ತಾರೀಖ ಬದಲಿ ಮಾಡಿದ್ರ ಸಾಕು." ಅವರ ದನಿಯಲ್ಲಿ ಬೆದರಿಕೆಯಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಮೂರ ಊರಿನಾವ್ರು ನಮ್ಮ ನಕ್ಷೆ ಕೇಳ್ಯಾರ ಸರ. ಕಾಗದದ ಪ್ರತಿನೂ ಕೇಳ್ಯಾರ. ಎಲ್ಲಾ ಕಡೆ ಸವಳ ನೀರ ಸುಮ್ನ ಬಿದ್ದೈತಿ ನೋಡ್ರಿ."

ಮೂರು ಊರು, ಮೂರು ಗುಂಡಿ. ಪ್ರತಿಯೊಂದರ ಅಂಚಿನಲ್ಲೂ ಕಂದೀಲು ಒರೆಸುತ್ತ ಕುಳಿತ ಒಬ್ಬ ತಿಳಿದ ಮನುಷ್ಯ. ನಾಳೆ ಹೇಳುತ್ತೇನೆಂದು ಅವರನ್ನು ಕಳಿಸಿದೆ.

ಸಂಜೆ ರಾವಸಾಬ ಕಾಕಾರ ಮನೆಗೆ ಹೋದೆ. ಅವರು ಒಲೆಯ ಪಕ್ಕದಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಕಣ್ಣು ಕೆಂಪಗಿದ್ದವು. ಹಿತ್ತಿಲಿಂದ ಓಡಿಬಂದ ಗುಂಡವ್ವ ಕಾಕು ಸೀದುಹೋದ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅವರ ಮುಂದೆಯೇ ಕುಕ್ಕಿದಳು.

"ನೋಡ್ರಿ ಸರ, ಹಾಲ ಸೀದ ವಾಸನಿ ಓಣಿ ತುಂಬೇತಿ. ಬಾಜೂಕ ಕುಂತಾರ, ಕಾದಾವೇನ ಅಂತ ನನ್ನ ಕೇಳ್ತಾರ!"

ಕಾಕಾ ಪಾತ್ರೆಯ ಕಡೆ ಮೂಗು ಚಾಚಿ ಎರಡು ಸಲ ಎಳೆದರು. ತಲೆಯಾಡಿಸಿದರು.

"ಹಗೇವಿನ ಬಾಯಿ ತಗದ್ರ ಜ್ವಾಳ ಎಷ್ಟ ವರ್ಸದ್ದು ಅಂತ ಮೂಗಿಲೇ ಹೇಳತಿದ್ದೆ ಸರ. ಈಗ ಏನೂ ಇಲ್ಲ. ಡಾಕ್ಟರು, ಬಂದ್ರ ಬರಬೋದು ಅಂದಾರ." ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ಕಂದೀಲ ಉರೀತಿತ್ತಲ್ರಿ? ನಾ ತಪ್ಪ ಮಾಡ್ಲಿಲ್ಲಲ್ಲ?"

"ಇಲ್ಲ ಕಾಕಾ. ನೀವು ಮಾಡ್ಲಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನೊಂದು ಮಾತು ಬರಬೇಕಿದೆ ಎನ್ನುವ ಹಾಗೆ. ಅದನ್ನು ಅಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಫೆಬ್ರುವರಿಯ ಬಾಟಲಿ ಪ್ರಯೋಗಾಲಯದ ಕಪಾಟಿನಲ್ಲಿ ಇನ್ನೂ ಇತ್ತು. ಮುಚ್ಚಳಕ್ಕೆ ನನ್ನದೇ ಅಕ್ಷರದ ಚೀಟಿ. ಶುಕ್ರವಾರ ಬೆಳಿಗ್ಗೆ ಅದರಿಂದ ನೂರು ಮಿಲಿಲೀಟರ್ ಅಳೆದು, ಕಾಯಿಸಿ, ಸಲ್ಫೇಟಿದ್ದರೆ ನೀರನ್ನು ಬೆಳ್ಳಗೆ ಮಾಡುವ ಬೇರಿಯಂ ಕ್ಲೋರೈಡನ್ನು ಹನಿಹನಿಯಾಗಿ ಬಿಟ್ಟೆ. ಮೊದಲ ಹನಿಗೇ ನೀರು ಮಜ್ಜಿಗೆಯಾಯಿತು. ಸೋಸಿ, ಸುಟ್ಟು, ಆರಿಸಿ ಮೂರು ಸಲ ತೂಗಿದೆ. ಮೂರು ಸಲವೂ ಒಂದೇ ತೂಕ, ಕುಡಿಯುವ ನೀರಿನ ಗರಿಷ್ಠ ಮಿತಿಯ ಮೂರು ಪಟ್ಟಿಗೂ ಹೆಚ್ಚು ಸಲ್ಫೇಟು.

ಆಮೇಲೆ ಮುಖ್ಯಾಧಿಕಾರಿಗೆ ಕಾಗದ ಬರೆಯಲು ಕುಳಿತೆ. ಆ ಮೂರು ಊರುಗಳಿಗೂ ಒಂದೊಂದು ಪ್ರತಿ. ಫೆಬ್ರುವರಿಯ ವರದಿ ನನ್ನದು, ಅದು ಅಪೂರ್ಣವಾಗಿತ್ತು, ಅದನ್ನು ಹಿಂತೆಗೆದುಕೊಂಡಿದ್ದೇನೆ, ಈ ನೀರನ್ನು ಯಾವ ಘಟಕಕ್ಕೂ ಹಾಕಕೂಡದು ಎಂದು ಮೊದಲು ಬರೆದೆ. ಕೆಳಗೆ ಹಳೆಯ ಮೂರು ಅಳತೆಗಳನ್ನು ಹಾಗೆಯೇ ನಕಲು ಮಾಡಿ, ಅವುಗಳ ಅಡಿಯಲ್ಲಿ ನಾಲ್ಕನೆಯ ಸಾಲು ಸೇರಿಸಿದೆ. ಸಲ್ಫೇಟ್: ಲೀಟರಿಗೆ ೧,೩೮೦ ಮಿಲಿಗ್ರಾಂ.