ಅಕ್ಕಂದಿರ ಮಠದ ಕೊನೆಯ ಚಿತ್ರ

ಹಂದನಕೆರೆಯ ಆಚೆ, ತೆಂಗಿನ ತೋಟಗಳ ನಡುವಿನ ಅಕ್ಕಂದಿರ ಮಠದಲ್ಲಿ ಈಗ ಅಕ್ಕಂದಿರಿಲ್ಲ, ಚಿತ್ರಗಳಿವೆ. ಮದುವೆ ಒಲ್ಲದೆ ಲಿಂಗಪೂಜೆಗೆ ಮುಡಿಪಾದ ಹೆಣ್ಣುಮಕ್ಕಳು ಒಂದು ಕಾಲಕ್ಕೆ ಬಾಳಿದ ಆ ಕಲ್ಲುಕಟ್ಟಡಕ್ಕೆ ಸುಣ್ಣ ಬಳಿದು, ತೊಂಬತ್ತೆಂಟರಲ್ಲಿ ಚಿತ್ರಶಾಲೆ ಮಾಡಿದರು. ನಮ್ಮಜ್ಜಿ ದ್ರಾಕ್ಷಾಯಣಮ್ಮ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕೇಳಿದ್ದು ಒಂದೇ.

"ನಮ್ ಗಂಗಕ್ಕ ಇದ್ದ ಜಾಗ ನೋಡ್ಬೇಕು ಕಣೇ ಲಿಖಿತಾ."

ಗಂಗಕ್ಕ ಎಂದರೆ ಅಜ್ಜಿಯ ಅಕ್ಕ ಪುಟ್ಟಗಂಗಮ್ಮ. ನಾನು ಬೆಳೆದದ್ದೇ ಅವಳ ಕತೆ ಕೇಳುತ್ತ. ಮಠ ಸೇರಿದ್ದ ಆ ಹುಡುಗಿ ಒಂದು ಬೆಳಗ್ಗೆ ಪೂಜೆಗೆ ಕೂತವಳು ಏಳಲೇ ಇಲ್ಲವಂತೆ. ಹೂವಿನ ಎಸಳು ಕಳಚಿದ ಹಾಗೆ ಉಸಿರು ಕಳಚಿತಂತೆ. ಮುಖದ ನಗು ಮಾಸಲಿಲ್ಲವಂತೆ. ಸುದ್ದಿ ಮನೆಗೆ ಮುಟ್ಟುವ ಹೊತ್ತಿಗೆ ಸಮಾಧಿಯೂ ಆಗಿಹೋಗಿತ್ತು, ಅಜ್ಜಿ ಮುಖ ನೋಡಿರಲಿಲ್ಲ. ನೋಡದೆ ಇದ್ದುದಕ್ಕೇ ಕತೆಯನ್ನು ಅಷ್ಟು ಚೆಂದ ಕಟ್ಟಿಕೊಂಡಿದ್ದಳೇನೋ. ಸಾವಿನ ಮಾತು ಬಂದಾಗಲೆಲ್ಲ, ಹೋದರೆ ಗಂಗಕ್ಕನ ಹಾಗೆ ಹೋಗಬೇಕು ಎನ್ನುತ್ತಿದ್ದಳು. ತನ್ನದೂ ಹಾಗೇ ಆಗುತ್ತದೆಂದು ನಂಬಿ, ನೆಮ್ಮದಿಯಿಂದ ಕಾಯುತ್ತಿದ್ದಳು.

ಹೊರಗಿನ ಬಿಸಿಲೂ ಗರಿಗಳ ಸದ್ದೂ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದವು. ಒಳಗೆ ನೆಲ ತಣ್ಣಗೆ ಅಂಗಾಲು ಹಿಡಿಯುತ್ತಿತ್ತು. ಕಾವಲಿನ ಏಕಾಂತಯ್ಯನವರು ಮಠದ ಅಯ್ಯನೋರ ಮನೆತನದವರೇ. ಚಿನ್ನದ ರೇಕಿನ ದೇವರುಗಳು, ಗಾಜಿನ ಮೇಲೆ ಬರೆದ ರಾಣಿಯರು, ಮರದ ನಂದಿ, ಎಲ್ಲಕ್ಕೂ ನಾಲ್ಕು ಮಾತು ಹೇಳುತ್ತ ಬಂದವರು ಕೊನೆಯ ಕೋಣೆಯ ಬಾಗಿಲಲ್ಲಿ, ಇನ್ನೇನಿಲ್ಲ, ಹೊರಡಿ ಎಂದರು. ಅಜ್ಜಿ ಆಗಲೇ ಒಳಗೆ ಕಾಲಿಟ್ಟಿದ್ದಳು.

ಗೋಡೆಯ ಮೇಲೆ ಆಳೆತ್ತರದ ಚಿತ್ರ. ಕಾವಿ ಸೀರೆಯುಟ್ಟ ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು, ಹಣೆ ತುಂಬ ವಿಭೂತಿ. ಕೆಳಗೆ 'ಧ್ಯಾನಸ್ಥ ಯೋಗಿನಿ' ಎಂಬ ಫಲಕ. ಆದರೆ ಹಾರಗಳು ಗಲ್ಲದವರೆಗೂ ಬಿದ್ದಿದ್ದವು, ತಲೆಯನ್ನು ಹಿಂದಿನ ಗೂಟಕ್ಕೆ ಬಟ್ಟೆಯಿಂದ ಕಟ್ಟಿದ್ದರು. ನಮ್ಮಲ್ಲಿ ಹಾಗೆ ಕಟ್ಟಿ ಕೂರಿಸುವುದು ಸತ್ತವರನ್ನು.

"ಗಂಗಕ್ಕ," ಎಂದಳು ಅಜ್ಜಿ, ಮಗುವಿನ ದನಿಯಲ್ಲಿ.

ಆಗ ಮಠದ ಗೋಡೆಗೆ ಚಿತ್ರ ಬರೆಯಲು ಮೈಸೂರಿನವನೊಬ್ಬ ಬಂದಿದ್ದನಂತೆ. ಸಮಾಧಿಗೆ ಮುಂಚೆ ಅವನನ್ನು ಕೂರಿಸಿ ಇದರ ಗೆರೆ ಎಳೆಸಿ, ಆಮೇಲೆ ಬಣ್ಣ ತುಂಬಿಸಿದರೆಂದು ಏಕಾಂತಯ್ಯನವರು ನೆಲ ನೋಡುತ್ತ ಹೇಳಿದರು.

ನಾನು ಚಿತ್ರದಲ್ಲಿನ ಗಂಗಕ್ಕನ ಎಡಗೈ ನೋಡಿದೆ. ನಮ್ಮ ತಾತ ಹೋದಾಗ ಅಂಗೈಯಲ್ಲಿಟ್ಟ ಲಿಂಗ ಜಾರಿ ಜಾರಿ ಬೀಳುತ್ತಿತ್ತು, ಕೊನೆಗೆ ಬಿಳಿ ಬಟ್ಟೆ ಸುತ್ತಿ ಕಟ್ಟಿದ್ದರು. ಇಲ್ಲಿ ಆ ಬಟ್ಟೆ ಬಿಚ್ಚಿಕೊಂಡು ಮಣಿಕಟ್ಟಿನಿಂದ ನೇತಾಡುತ್ತಿತ್ತು. ಐದೂ ಬೆರಳು ಲಿಂಗವನ್ನು ಅವುಚಿ ಹಿಡಿದಿದ್ದವು, ಉಗುರಿನ ಬುಡ ಬಿಳಿಚುವಷ್ಟು ಬಿಗಿಯಾಗಿ. ಬರೆದವನು ಕಂಡದ್ದನ್ನು ಕಂಡ ಹಾಗೇ ಬರೆದಿದ್ದ.

ಬಸ್ಸು ಹೋಗಿಬಿಡುತ್ತದೆ ಬಾ ಎಂದು ನಾನು ಚಿತ್ರಕ್ಕೆ ಅಡ್ಡ ನಿಂತೆ. ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಎಷ್ಟು ಜನಕ್ಕೆ ಕೊನೆಯ ಸ್ನಾನ ಮಾಡಿಸಿದ್ದಳೋ, ಅವಳಿಗೆ ನಾನು ಹೇಳಬೇಕಾದ್ದೇನೂ ಇರಲಿಲ್ಲ.

"ಅಯ್ನೋರೇ, ಇವಳಿಗೆ ಏನಾಗಿತ್ತು?"

ಜ್ವರವಿತ್ತಂತೆ ಎಂದರು. ಮೈ ತಣ್ಣಗಾಗಿ ಉಸಿರು ಸಿಗಲಿಲ್ಲವಂತೆ. ಪೂಜೆಯಲ್ಲೇ ಐಕ್ಯಳಾದಳು, ಪುಣ್ಯವಂತೆ ಎಂದು ಸಂಜೆಯೊಳಗೆ ಮುಗಿಸಿದರಂತೆ. ಈ ಮಠದಲ್ಲಿ ಸಮಾಧಿಗೆ ಮಣ್ಣು ತುಂಬುವ ಪದ್ಧತಿಯಿಲ್ಲ. ಮೆಟ್ಟಿಲಿಳಿಸಿ, ನೆಲದಡಿಯ ಕಲ್ಲುಗೂಡಿನಲ್ಲಿ ಕೂರಿಸಿ, ಮೇಲೆ ಚಪ್ಪಡಿ ಮುಚ್ಚುತ್ತಾರೆ. ಚಪ್ಪಡಿ ಚಿತ್ರದ ಕೆಳಗೇ ಇತ್ತು, ನಮ್ಮ ಕಾಲ ಬಳಿ. ಅದರ ಅಂಚಿಗೆ ಹೊಸ ಸಿಮೆಂಟು.

"ಇದನ್ನ ಎತ್ತಿದ್ರಾ?"

ಚಿತ್ರಶಾಲೆಗೆ ನೆಲ ಸಮ ಮಾಡುವಾಗ ಎತ್ತಿದ್ದರಂತೆ. ಮೊದಲು ಇಳಿದವರು ಏಕಾಂತಯ್ಯನವರೇ.

"ಗೂಡಲ್ಲಿ ಕೂತಿದ್ಲಾ, ನಮ್ಮಕ್ಕ?"

"ಬುಡಿ ತಾಯಿ, ಹಳೇ ಮಾತು."

"ಹೇಳಿ."

"ಗೂಡಲ್ಲಿ ಇರ್ನಿಲ್ಲ ಕಣಮ್ಮ. ಮೇಲ್ನೇ ಮೆಟ್ಲಲ್ಲಿದ್ರು. ಚಪ್ಪಡಿಗೆ ಒತ್ಕಂಡು." ಅವರು ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ನಾನೇ ಎತ್ತಿ ಗೂಡಲ್ಲಿಟ್ಟೆ. ಯಾರಿಗೂ ಹೇಳ್ಳಿಲ್ಲ."

ಅಜ್ಜಿ ಅಳಲಿಲ್ಲ. ಮೆಲ್ಲಗೆ ಕೂತು, ಕೈಯೂರಿ ಬಾಗಿ, ಚಪ್ಪಡಿಗೆ ಕಿವಿಯಿಟ್ಟು ಹಾಗೇ ಇದ್ದಳು. ಎಬ್ಬಿಸಲು ಹೋದೆ. ನನ್ನ ಮುಂಗೈ ಹಿಡಿದುಕೊಂಡಳು.

"ನಂದು ಬಂದಾಗ ಆತ್ರ ಪಡ್ಬೇಡ ಕಣೇ. ಪುಣ್ಯವಂತೆ ಅಂತ ಯಾರ್ ಅಂದ್ರೂ ಕೇಳ್ಬೇಡ. ಮೊದ್ಲು ನನ್ ಕೈ ನೋಡು."

ಹೂಂ ಎಂದೆ. ಆಣೆ ಮಾಡು ಎಂದಳು, ಮಾಡಿದೆ. ಆದರೂ ಅವಳು ನನ್ನ ಕೈ ಬಿಡಲಿಲ್ಲ.