ಇಳಿದರೆ ಎರಡು ರಿಂಗು

ನನ್ನ ಮಗಳು ನಿಕಿತಾ ನಮ್ಮ ಮನೆ ಹತ್ತಿರದ ಘಣಸೋಲಿಯಲ್ಲಿ ರೈಲು ಹತ್ತಿದರೆ ನನ್ನ ಫೋನು ಒಂದು ಸಲ ರಿಂಗಾಗಿ ನಿಲ್ಲುತ್ತದೆ. ಕಾಲೇಜಿರುವ ಸಾನಪಾಡಾದಲ್ಲಿ ಇಳಿದರೆ ಎರಡು ಸಲ. ನಾನು ಎತ್ತುವುದಿಲ್ಲ, ಅವಳು ಮಾತಾಡುವುದಿಲ್ಲ. ಅವಳು ಹನ್ನೊಂದನೇ ಕ್ಲಾಸಿಗೆ ಸೇರಿದ ದಿನದಿಂದ ಹೀಗೆಯೇ. ಹತ್ತನೇ ಕ್ಲಾಸು ಮುಗಿಯುವವರೆಗೆ ನಾನೇ ಶಾಲೆಯ ಗೇಟಿನ ತನಕ ಬಿಟ್ಟು ಬರುತ್ತಿದ್ದೆ.

ಮೊದಲ ರಿಂಗಿಗೆ ನಾನು ಬೇಳೆ ಇಡುತ್ತೇನೆ. ಎರಡನೆಯದಕ್ಕೆ ಗ್ಯಾಸ್ ಆರಿಸುತ್ತೇನೆ. ನಡುವೆ ಹನ್ನೆರಡು ನಿಮಿಷ, ಬೇಳೆಗೆ ಸರಿಯಾಗಿ ಸಾಕು. ನನ್ನ ಗಂಡ ಹರಿಶ್ಚಂದ್ರ ಬೆಳಿಗ್ಗೆ ಐದಕ್ಕೆ ರಬಾಳೆಗೆ ಹೊರಡುತ್ತಾರೆ, ಅಲ್ಲೊಂದು ಕಂಪನಿಯ ಕ್ಯಾಂಟೀನು ಅವರದು, ಭಾನುವಾರವೂ ರಜೆ ಇಲ್ಲ. ಬರುವಾಗ ರಾತ್ರಿ ಒಂಬತ್ತು. ಇಡೀ ದಿನದಲ್ಲಿ ನನ್ನನ್ನು ಕೇಳಿಕೊಂಡು ಬರುವ ಸದ್ದೆಂದರೆ ಆ ರಿಂಗುಗಳು ಮಾತ್ರ. ಸಂಜೆ ಅವಳು ವಾಪಸು ಹತ್ತಿದಾಗ ಮತ್ತೊಂದು, ಇಳಿದಾಗ ಎರಡು. ಒಟ್ಟು ಆರು.

ಅವಳು ಹುಷಾರಿನ ಹುಡುಗಿ ಎಂದು ಎಲ್ಲರೂ ಹೇಳುತ್ತಾರೆ. ಬಂದ ಗಾಡಿ ತುಂಬಿದ್ದರೆ ಬಿಡುತ್ತಾಳೆ, ಮುಂದಿನದೂ ತುಂಬಿದ್ದರೆ ಅದನ್ನೂ ಬಿಡುತ್ತಾಳೆ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಲ್ಲೂ, ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುತ್ತಾಳೆ. "ಏನಾದರೂ ಒಂದು ಗುರುತು ಹಾಕಬಹುದಿತ್ತಲ್ಲ" ಅಂದರೆ, "ತಪ್ಪಾದ್ರೆ?" ಅನ್ನುತ್ತಾಳೆ. ಕೇಳುವವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಮಾತು ಅವಳಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು.

ಅವಳಿಗೆ ಎಂಟು ವರ್ಷವಿದ್ದಾಗ ನಾವಿಬ್ಬರೂ ಡೊಂಬಿವಲಿಗೆ ಒಂದು ಮದುವೆಗೆ ಹೋಗಿದ್ದೆವು. ಇಳಿಯುವಾಗ ಜನ ನುಗ್ಗಿದರು. ನಾನು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದೆ, ಅವಳು ಒಳಗೇ ಉಳಿದಳು, ಗಾಡಿ ಹೊರಟಿತು. ಕಲ್ಯಾಣದಲ್ಲಿ ಯಾರೋ ಒಬ್ಬ ಮೀನು ಮಾರುವ ಹೆಂಗಸು ಅವಳನ್ನು ಇಳಿಸಿಕೊಂಡು ಸ್ಟೇಷನ್ ಆಫೀಸಿನಲ್ಲಿ ಕೂರಿಸಿದ್ದಳು. ನಾನು ಮುಟ್ಟುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆ ಒಂದು ಗಂಟೆಯ ನಂತರ ನಾನು ಅವಳ ಕೈ ಬಿಡಲಿಲ್ಲ. ಕೈ ಬಿಡಲೇಬೇಕಾಗಿ ಬಂದಾಗ ರಿಂಗು ಹಿಡಿದುಕೊಂಡೆ.

ಕಾಲೇಜಿನಲ್ಲಿ ಅವಳು ಖೋಖೋ ತಂಡಕ್ಕೆ ಸೇರಿದ್ದು ನನಗೇ ಆಶ್ಚರ್ಯ. ಅವಳು ಚೆನ್ನಾಗಿ ಓಡುತ್ತಾಳೆ. ಆದರೆ ಎರಡು ವರ್ಷದಲ್ಲಿ ಒಂದು ಮ್ಯಾಚಿನಲ್ಲೂ ಆಡಲಿಲ್ಲ, ಹೊರಗೆ ಕೂತು ನೀರಿನ ಬಾಟಲಿ ಕಾಯುತ್ತಿದ್ದಳು. ಕಾರಣ ಅವಳೇ ಒಂದು ದಿನ ಹೇಳಿದಳು. ಅಂಗಳದ ಎರಡು ತುದಿಗೆ ಒಂದೊಂದು ಕಂಬ ಇರುತ್ತದೆ. ತಪ್ಪಿಸಿಕೊಳ್ಳುವವಳು ಕಂಬ ಸುತ್ತುವಾಗ, ಅಟ್ಟಿಸಿಕೊಂಡು ಹೋಗುವವಳು ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಅಡ್ಡಡ್ಡ ಎಸೆದು ಅವಳನ್ನು ಮುಟ್ಟಬೇಕು. ಅದಕ್ಕೆ ಡೈವ್ ಎನ್ನುತ್ತಾರೆ. ನಿಕಿತಾ ಕಂಬದವರೆಗೆ ಓಡಿ ಅಲ್ಲಿ ನಿಂತುಬಿಡುತ್ತಾಳೆ.

ಇನ್ನೊಂದು ಕಾರಣವನ್ನು ಅವಳು ಹೇಳಲಿಲ್ಲ. ಅದು ನನ್ನದು.

ಕಳೆದ ವರ್ಷ ಆಗಸ್ಟಿನಲ್ಲಿ ಒಂದು ದಿನ ಎರಡನೇ ರಿಂಗು ಬರಲಿಲ್ಲ. ನಾನು ಏಳು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೇಳೆ ತಳ ಹಿಡಿಯಿತು. ಕ್ಯಾಂಟೀನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಇವರು ಗಾಬರಿಯಾಗಿ ಕಿಟ್ಟಣ್ಣನನ್ನು ಸ್ಕೂಟರಿನಲ್ಲಿ ಸಾನಪಾಡಾಕ್ಕೆ ಓಡಿಸಿದರು. ಕಿಟ್ಟಣ್ಣ ಎಂದರೆ ನಮ್ಮ ಕ್ಯಾಂಟೀನಿನ ದೋಸೆ ಭಟ್ಟರು, ಐವತ್ತೆಂಟು ವರ್ಷ. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಹೋಗಿ ಮೈದಾನದ ಬೇಲಿ ಹಿಡಿದು ನಿಂತು, ತುಳುವಿನಲ್ಲಿ, "ನಿಕ್ಕೀ, ಅಮ್ಮಗ್ ಫೋನ್ ಮಲ್ಪು" ಎಂದು ಮೂರು ಸಲ ಕೂಗಿದರಂತೆ. ಅಮ್ಮನಿಗೆ ಫೋನ್ ಮಾಡು ಎಂದು. ಅವಳು ಬೇಗ ಆಟಕ್ಕಿಳಿಯಬೇಕಾಗಿ, ಫೋನು ಬ್ಯಾಗಿನಲ್ಲಿ ಬಿಟ್ಟಿದ್ದಳು ಅಷ್ಟೆ. ಕೋಚ್ ಸುನಿಲ ಸರ್ ಅವತ್ತು ಅವಳಿಗೆ ಡೈವ್ ಕಲಿಸಲು ಶುರು ಮಾಡಿದ್ದರು. ಅವತ್ತಿನಿಂದ ಹುಡುಗಿಯರು ಅವಳನ್ನು 'ಮಿಸ್ಡ್ ಕಾಲ್' ಎಂದು ಕರೆಯುತ್ತಾರೆ. ಮಧ್ಯಾಹ್ನ ಡಬ್ಬಿಯ ಊಟ ಒಬ್ಬಳೇ ಮಾಡುತ್ತಾಳೆ. ಇದನ್ನು ನನಗೆ ಹೇಳಿದ್ದು ಅವಳ ಕ್ಲಾಸಿನ, ಅದೇ ತಂಡದ ನಿಶಾ, ಅದೂ ಒಂದು ವರ್ಷ ಕಳೆದ ಮೇಲೆ.

ಈ ಡಿಸೆಂಬರಿನಲ್ಲಿ ಡೊಂಬಿವಲಿಯಲ್ಲಿ ಕೊನೆಯ ಪಂದ್ಯ. ಅದು ಮುಗಿದರೆ ಹನ್ನೆರಡನೆಯ ಪರೀಕ್ಷೆ, ಆಮೇಲೆ ತಂಡವೂ ಇಲ್ಲ, ಕಾಲೇಜೂ ಇಲ್ಲ. ಒಬ್ಬ ಹುಡುಗಿಯ ಮೊಣಕಾಲು ಉಳುಕಿ ಜಾಗ ಖಾಲಿಯಾಗಿತ್ತು. ಶುಕ್ರವಾರ ರಾತ್ರಿ ನಾನು ಅಕ್ಕಿ ಆರಿಸುತ್ತಿದ್ದಾಗ ನಿಕಿತಾ ಬಂದು ಎದುರಿಗೆ ಕೂತಳು.

"ಸರ್ ಬೋಲೆ, ಡೈವ್ ಮಾರೇಗಿ ತೋ ಖೇಲೇಗಿ. ನಹೀ ತೋ ಬೆಂಚ್."

"ಕನ್ನಡದಲ್ಲಿ ಹೇಳು."

"ಡೈವ್ ಹೊಡೆದ್ರೆ ಆಡಿಸ್ತಾರೆ. ಇಲ್ಲಾಂದ್ರೆ ಇಲ್ಲ."

"ಹೊಡೀತಿಯಾ?"

ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ನೆಲದ ಮೇಲಿಟ್ಟಳು. "ಗೊತ್ತಿಲ್ಲ. ಅಮ್ಮ, ಸಂಡೇ ರಿಂಗ್ ಬೇಡ. ಒಂದು ದಿನ."

"ಡೊಂಬಿವಲಿ ಅದು, ಮಗಾ."

"ಗೊತ್ತುಂಟು." ಇನ್ನೊಂದು ಕಲ್ಲು ತೆಗೆದು ಹೇಳಿದಳು, "ರಿಂಗ್ ಮಾಡ್ಬೇಕು ಅಂತ ಇದ್ರೆ ನನ್ನ ತಲೆ ಬ್ಯಾಗ್‌ನಲ್ಲೇ ಇರ್ತದೆ ಅಮ್ಮ. ಅಂಗಳದಲ್ಲಿ ಇರೂದಿಲ್ಲ."

ನಾನು ಆಯಿತು ಅಂದೆ. ಅಂದಮೇಲೆ ಎಷ್ಟು ಹೊತ್ತಾದರೂ ಅಕ್ಕಿಯಲ್ಲಿ ಕಲ್ಲು ಕಾಣಿಸಲಿಲ್ಲ.

ಭಾನುವಾರ ಏಳಕ್ಕೆ ನಿಶಾಳ ಜೊತೆ ಹೊರಟಳು. ನಾಲ್ಕಕ್ಕೆ ವಾಪಸು ಎಂದಿದ್ದಳು. ಬಾಲ್ಕನಿಯಿಂದ ನೋಡಿದೆ, ತಿರುಗಿ ಕೈ ಬೀಸಲಿಲ್ಲ. ಫೋನು ಕಣ್ಣಿಗೆ ಬೀಳಬಾರದೆಂದು ಅಕ್ಕಿ ಡಬ್ಬದೊಳಗೆ ಇಟ್ಟೆ. ಹತ್ತು ನಿಮಿಷಕ್ಕೆ ತೆಗೆದೆ, ಅವಳೇನಾದರೂ ಮಾಡಿದರೆ ಕೇಳಿಸದಲ್ಲ ಎಂದು. ಪರದೆಗಳನ್ನು ಒಗೆದೆ. ಫ್ರಿಜ್ ಖಾಲಿ ಮಾಡಿ ಒರೆಸಿದೆ. ಬೇಳೆ ಇಡಲೇ ಇಲ್ಲ, ಯಾವಾಗ ಆರಿಸಬೇಕೆಂದು ಗೊತ್ತಾಗುವುದಿಲ್ಲವೆಂದು. ಮಜ್ಜಿಗೆ ಅನ್ನ ಕಲಸಿ ನಿಂತುಕೊಂಡೇ ತಿಂದೆ.

ಮೂರು ಗಂಟೆಗೆ ಪಕ್ಕದ ಮನೆಯ ಜಯಲತಾ ಕರಿಬೇವು ಕೇಳಲು ಬಂದಳು. ಅವಳೂ ನಮ್ಮ ಉಡುಪಿ ಕಡೆಯವಳೇ.

"ನಿಕ್ಕಿ ಎಲ್ಲಿ? ಕಾಣೂದಿಲ್ಲ."

"ಡೊಂಬಿವಲಿಗೆ ಹೋಗಿದ್ದಾಳೆ, ಆಟಕ್ಕೆ."

"ಒಬ್ಳೇ? ನೀನು ಕಳಿಸಿದ್ಯಾ?" ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ ಮಾರಾಯ್ತಿ. ಇವತ್ತು ಮೆಗಾಬ್ಲಾಕ್ ಗೊತ್ತುಂಟಾ? ಠಾಣೆಯಿಂದ ಈಚೆಗೆ ಗಾಡಿಯೇ ಇಲ್ಲ, ಸಂಜೆವರೆಗೆ."

ನನಗೆ ಗೊತ್ತಿರಲಿಲ್ಲ. ಭಾನುವಾರ ಹಳಿ ರಿಪೇರಿಗೆ ಗಾಡಿ ನಿಲ್ಲಿಸುತ್ತಾರೆ ಎಂಬುದನ್ನೇ ಮರೆತಿದ್ದೆ. ನಾನೂ ಅವಳೂ ಭಾನುವಾರ ಎಲ್ಲಿಗೂ ಹೋಗುವವರಲ್ಲ.

ನಾಲ್ಕಾಯಿತು, ಐದಾಯಿತು. ಎದುರಿನ ಕಟ್ಟಡದಲ್ಲಿ ಒಂದೊಂದೇ ದೀಪ ಹತ್ತಿತು. ಅವಳ ಹೆಸರನ್ನು ಫೋನಿನಲ್ಲಿ ತೆಗೆದು ನೋಡಿದೆ, ಮುಚ್ಚಿದೆ. ಬಂದ ಕರೆಗಳ ಪಟ್ಟಿಯಲ್ಲಿ ಅವಳ ರಿಂಗುಗಳೇ ಸಾಲಾಗಿ ಇದ್ದವು. ಬೇರೆ ಯಾರ ಹೆಸರೂ ನಡುವೆ ಇರಲಿಲ್ಲ, ಗ್ಯಾಸ್ ಸಿಲಿಂಡರಿನವನೊಬ್ಬನನ್ನು ಬಿಟ್ಟರೆ.

ಐದೂ ಮುಕ್ಕಾಲಿಗೆ ಫೋನು ಹೊಡೆಯಿತು. ಒಂದು, ಎರಡು, ಮೂರು. ನಿಲ್ಲಲಿಲ್ಲ. ನೋಡಿದರೆ ಇವರು.

"ಬಂದ್ಳಾ?"

"ಇಲ್ಲ."

"ಫೋನ್ ಮಾಡಿದ್ಯಾ?"

"ಮಾಡೂದಿಲ್ಲ ಅಂದಿದ್ದೆ."

ಆ ಕಡೆ ಲೋಟಗಳ ಸದ್ದು. ಮತ್ತೆ ಇವರು ಮೆಲ್ಲಗೆ, "ಕಿಟ್ಟಣ್ಣ ಇಲ್ಲೇ ನಿಂತಿದ್ದಾರೆ. ಸ್ಕೂಟರ್ ಉಂಟು. ಠಾಣೆ ಸ್ಟೇಷನಿಗೆ ಕಳಿಸ್ಲಾ?"

ನನಗೆ ಬೇಕಾಗಿದ್ದು ಅದೊಂದೇ ಮಾತು. ಹೂಂ ಎಂದರೆ ಸಾಕಿತ್ತು. ಅರ್ಧ ಗಂಟೆಯಲ್ಲಿ ಕಿಟ್ಟಣ್ಣ ಠಾಣೆಯ ಸೇತುವೆ ಮೇಲೆ ನಿಂತಿರುತ್ತಿದ್ದರು, ತಂಡದ ಹುಡುಗಿಯರೆಲ್ಲ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ, ಅದೇ ಏಪ್ರನ್ನಿನಲ್ಲಿ. ಅವಳು ಏನು ಆಡಿದ್ದರೂ, ಎಷ್ಟು ಆಡಿದ್ದರೂ, ಆ ಒಂದು ಕೂಗಿಗೆ ಮತ್ತೆ ಮಿಸ್ಡ್ ಕಾಲ್ ಆಗುತ್ತಿದ್ದಳು.

"ಬೇಡ" ಅಂದೆ.

"ಖಂಡಿತಾ?"

"ಬೇಡ ಅಂದೆನಲ್ಲ. ಅವರಿಗೆ ಚಾ ಕೊಟ್ಟು ಕೂರಿಸಿ."

ಫೋನಿಟ್ಟೆ. ಬಾಗಿಲು ತೆಗೆದಿಟ್ಟು ಹೊಸ್ತಿಲ ಬಳಿ ಕೂತೆ. ಕೆಳಗಿನಿಂದ ಯಾರು ಮೆಟ್ಟಿಲು ಹತ್ತಿದರೂ ಕೇಳಿಸುತ್ತಿತ್ತು. ಎರಡನೇ ಮಹಡಿಗೆ ನಿಲ್ಲುವವರು, ಮೂರಕ್ಕೆ ನಿಲ್ಲುವವರು. ನಮ್ಮದು ನಾಲ್ಕು. ನಾಲ್ಕಕ್ಕೆ ಯಾರೂ ಬರಲಿಲ್ಲ.

ಆರೂ ನಲವತ್ತಕ್ಕೆ ಬಂದಳು. ಯೂನಿಫಾರ್ಮಿನ ಬಲಗೈ ತೋಳು ಹರಿದಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಕೆಂಪುಮಣ್ಣು ಮೆತ್ತಿತ್ತು.

"ಗಾಡಿ ಇರ್ಲಿಲ್ಲ. ಠಾಣೆಯಿಂದ ಬಸ್ಸು. ಸೀಟು ಸಿಗ್ಲಿಲ್ಲ, ನಿಂತೇ ಬಂದೆ." ಬಾಗಿಲಲ್ಲಿ ಕೂತಿದ್ದ ನನ್ನನ್ನು ನೋಡಿ, "ನೀನು ಇಲ್ಲಿ ಎಂತ ಮಾಡ್ತಿದ್ದಿ?"

"ಗಾಳಿಗೆ ಕೂತೆ."

ಒಳಗೆ ಕೂರಿಸಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಅವಳು ಹಲ್ಲು ಕಚ್ಚಿ ಹೇಳುತ್ತಿದ್ದಳು. ಮೊದಲನೇ ಸಲ ಕಂಬದ ಹತ್ತಿರ ಎಂದಿನಂತೆ ನಿಂತುಬಿಟ್ಟಳು. ಸರ್ ಬೈಯಲಿಲ್ಲ, ಬದಲಿ ಹುಡುಗಿಯ ಕಡೆ ನೋಡಿದರು ಅಷ್ಟೆ. ಎರಡನೇ ಸಲ ಎಸೆದಳು, ಮುಟ್ಟಲಿಲ್ಲ, ಮೈಯೆಲ್ಲ ಮಣ್ಣಾಯಿತು. ಮೂರನೇ ಸಲ ಬೆರಳ ತುದಿಗೆ ಎದುರಾಳಿಯ ಹಿಮ್ಮಡಿ ಸಿಕ್ಕಿತು.

"ಗೆದ್ದಿರಾ?"

"ಇಲ್ಲ. ಎರಡು ಪಾಯಿಂಟಿಗೆ ಹೋಯ್ತು." ಅವಳ ಮುಖದಲ್ಲಿ ಸೋಲು ಕಾಣಿಸಲಿಲ್ಲ. "ಬಸ್ಸಲ್ಲಿ ನಿಶಾ ಎಲ್ಲರಿಗೆ ಹೇಳಿದ್ಳು, ಅರೇ, ಮಿಸ್ಡ್ ಕಾಲ್ ಲಗ್ ಗಯಾ, ಕಾಲ್ ಕನೆಕ್ಟ್ ಆಯ್ತು ಅಂತ. ಎಲ್ಲ ನಕ್ರು. ನಾನೂ ನಕ್ಕೆ."

ಗಾಯಕ್ಕೆ ಮುಲಾಮು ಹಚ್ಚಿದೆ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಅಮ್ಮ, ಇಳಿಯುವಾಗ ಡೊಂಬಿವಲಿ ಸ್ಟೇಷನ್ ನೋಡಿ ನೆನಪಾಯ್ತು. ಅವತ್ತು ಕಲ್ಯಾಣದಲ್ಲಿ ನನಗೆ ಹೆದರಿಕೆ ಆಗಿರ್ಲಿಲ್ಲ, ಗೊತ್ತುಂಟಾ? ಆ ಮೀನಿನ ಆಂಟಿ ಬಿಸ್ಕಿಟ್ ಕೊಟ್ಟಿದ್ರು. ಆಫೀಸಲ್ಲಿ ಫ್ಯಾನ್ ಇತ್ತು. ನಾನು ಗಾಡಿ ಲೆಕ್ಕ ಮಾಡ್ತಾ ಕೂತಿದ್ದೆ."

"ನೀನು ಅಷ್ಟು ಅತ್ತಿದ್ದಿ ಮಗಾ."

"ಅದು ನೀನು ಬಂದ ಮೇಲೆ. ನಿನ್ನ ಮುಖ ನೋಡಿ."

ಅವಳು ದೂರುವಂತೆ ಹೇಳಲಿಲ್ಲ. ಸುಮ್ಮನೆ ನೆನಪಾಯಿತು, ಹೇಳಿದಳು. ನಾನು ಮುಲಾಮಿನ ಮುಚ್ಚಳ ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ಊಟಕ್ಕೆ ಕೂತಾಗ ಕೇಳಿದಳು, "ನಾಳೆಯಿಂದಲೂ ರಿಂಗ್ ಬೇಡ್ವಾ?"

"ಮತ್ತೆ ನನ್ನ ಬೇಳೆ?"

"ಗಡಿಯಾರ ಉಂಟಲ್ಲ ಅಮ್ಮ." ನಕ್ಕಳು. ಮತ್ತೆ ನನ್ನನ್ನು ನೋಡಿ, "ಬೇಕಾದ್ರೆ ಮಾಡ್ತೇನೆ. ನಿನಗೆ ಬೇಕಾದ್ರೆ."

ನನಗೆ ಬೇಕಿತ್ತು. ಅವಳ ಜೀವದ ಭಯಕ್ಕಲ್ಲ, ಅದು ಆ ಹೊತ್ತಿಗೆ ಸ್ವಲ್ಪ ಕಡಿಮೆಯಾಗಿತ್ತು. ಆ ಆರು ರಿಂಗು ಇಲ್ಲದ ದಿನ ಎಷ್ಟು ಉದ್ದ ಎಂದು ಅವತ್ತು ನೋಡಿದ್ದೆನಲ್ಲ, ಅದಕ್ಕೆ. ಆದರೆ ಅವಳು ಸುಲಿದ ಕೈಯಲ್ಲೇ ಅನ್ನ ಕಲಸುತ್ತ ಉತ್ತರಕ್ಕೆ ಕಾಯುತ್ತಿದ್ದಳು. "ಬೇಡ" ಅಂದೆ. "ಪಲ್ಯ ಹಾಕ್ಕೊ."

ಸೋಮವಾರ ಬೆಳಿಗ್ಗೆ ಅವಳು ಹೊರಟ ಮೇಲೆ ಬೇಳೆ ತೊಳೆದು ಕುಕ್ಕರಿಗೆ ಹಾಕಿ ಒಲೆಯ ಮೇಲಿಟ್ಟೆ. ಫೋನು ಫ್ರಿಜ್ಜಿನ ಮೇಲೆ ಸುಮ್ಮನಿತ್ತು. ಈಗ ಹತ್ತಿರಬಹುದು ಎಂದುಕೊಂಡು ಗ್ಯಾಸ್ ಹಚ್ಚಿದೆ. ಹನ್ನೆರಡು ನಿಮಿಷಕ್ಕೆಂದು ತಲೆಯೆತ್ತಿ ಅಡುಗೆಮನೆಯ ಗಡಿಯಾರ ನೋಡಿದೆ. ಮುಳ್ಳುಗಳು ಎರಡೂ ಹತ್ತರ ಹತ್ತಿರ ನಿಂತಿದ್ದವು. ಸೆಲ್ ಮುಗಿದು ಎಷ್ಟು ತಿಂಗಳಾಗಿತ್ತೋ, ಗಾಜಿನ ಮೇಲೆ ಒಗ್ಗರಣೆಯ ಜಿಡ್ಡು ಗಟ್ಟಿಯಾಗಿತ್ತು.

ಗ್ಯಾಸ್ ಸಣ್ಣ ಮಾಡಿದೆ. ಸ್ಟೂಲು ಎಳೆದು ಹತ್ತಿ ಗಡಿಯಾರವನ್ನು ಕೆಳಗಿಳಿಸಿದೆ.